ಅಕ್ಕನ ಎರಡು ಚಿಟಿಕೆ

ಟಕ್, ಟಕ್.

ಹೆಡ್‌ಫೋನಿನೊಳಗೆ ಎರಡು ಚಿಟಿಕೆ. ಬೆನ್ನಿಗೇ ಒಂದು ಉಸಿರು. ಮುಂದಿನ ಹಲ್ಲಿನ ಮುರುಕಿನಲ್ಲಿ ಸಣ್ಣಗೆ ಸಿಳ್ಳೆ ಹಾಕಿಕೊಂಡು ಒಳಗೆ ಹೋಗುವ ಉಸಿರು. ಆಮೇಲೆ ಹೆಂಗಸಿನ ದನಿ, ಅರ್ಧ ಬೇಸರ, ಅರ್ಧ ನಗು.

"ತಂಗೀ, ಮತ್ತೆ."

ಕಿವಿಯಮ್ಮ ಕಾದ ಹೆಂಚು ಮುಟ್ಟಿದವಳ ಹಾಗೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಬಿಟ್ಟಳು.

"ಕೇಳಿದ್ರಾ? ಹೇಗೆ ಓದಿದಾಳೆ ಕೇಳಿದ್ರಾ?" ಎದುರಿಗೆ ಕೂತ ಜೇನುಗಂಟಲು ಕುದಿಯುತ್ತಿದ್ದ. "ಆರು ವಾರ ಬಿಸಿನೀರು ಕುಡಿದು, ತಣ್ಣಗಿರೋದೆಲ್ಲ ಬಿಟ್ಟು, ಹೆಂಡತಿ ಹತ್ರ ಜಗಳ ಆಡೋದನ್ನೂ ಬಿಟ್ಟು ನಾನು ಓದಿದ ಪುಸ್ತಕ ಇದು. ಕಳ್ಳರು ಕದೀಲಿ, ಅದು ಅವರ ಕಸುಬು. ಆದ್ರೆ ನನ್ನ ದನೀಲೇ ಕದೀಬಾರದಾ? ಯಾವಳೋ ಬಂದು ಪೂರ್ತಿ ಓದಿಬಿಟ್ಟಿದಾಳೆ! ಅದೂ ತಪ್ಪು ತಪ್ಪು, ಮಧ್ಯೆ ಮಧ್ಯೆ ಚಿಟಿಕೆ ಬೇರೆ!"

ಅವನು ಈ ಸ್ಟುಡಿಯೋದಲ್ಲಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವವನು. ಸೇರಿ ಒಂದೂವರೆ ವರ್ಷ. ಯಾವಳೋ ಎಂದನಲ್ಲ, ಆ ಯಾವಳೋ ಯಾರೆಂದು ಅವನಿಗೆ ಗೊತ್ತಿರುವುದು ಸಾಧ್ಯವೇ ಇರಲಿಲ್ಲ.

ಕಿವಿಯಮ್ಮನಿಗೆ ಗೊತ್ತಿತ್ತು. ಆ ಹಲ್ಲು ಮುರಿದದ್ದು ಇದೇ ಸ್ಟುಡಿಯೋದ ಮೆಟ್ಟಿಲ ಮೇಲೆ. ಆ ಉಸಿರುಗಳನ್ನು ಹನ್ನೊಂದು ವರ್ಷ ಒಂದೊಂದಾಗಿ ಕತ್ತರಿಸಿ ತೆಗೆದವಳು ಅವಳೇ. ಆ ದನಿ ಅವಳ ಸ್ವಂತ ಅಕ್ಕನದು.

ಅಕ್ಕ ಸತ್ತು ಎರಡು ವರ್ಷವಾಗಿತ್ತು. ಈ ಕಾದಂಬರಿ ಬರೆದು ಮುಗಿದದ್ದು ಹೋದ ವರ್ಷ.

"ಇದು ನಿನಗೆಲ್ಲಿ ಸಿಕ್ತು?"

"ಭಾವಮೈದುನನ ಫೋನಿಗೆ ಬಂದಿತ್ತು. ಭಾವಾ, ನಿನ್ನ ಪುಸ್ತಕ ನಿನಗಿಂತ ಚೆನ್ನಾಗಿ ಓದಿದಾರೆ ಅಂತ ಕಳಿಸಿದ, ಬೇವಾರ್ಸಿ." ಅವನು ತಡೆದು ಅವಳ ಮುಖ ನೋಡಿದ. "ಯಾಕ್ರೀ ಹಾಗಾದ್ರಿ? ನೀರು ತರ್ಲಾ?"

"ನೀನು ಮನೆಗೆ ಹೋಗು. ಯಾರ ಹತ್ರಾನೂ ಬಾಯಿ ಬಿಡಬೇಡ."

"ಬಾಯಿ ಬಿಡೋದೇ ನನ್ನ ಕೆಲಸ," ಎಂದು ಗೊಣಗಿದವನು, ಅವಳ ಕಣ್ಣು ನೋಡಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ತೆರೆದೇ ಬಿಟ್ಟ ಬಾಗಿಲಿನಿಂದ ಹದಿನಾಲ್ಕು ಮೆಟ್ಟಿಲು ಇಳಿದ ಸದ್ದು, ಬೀದಿಬಾಗಿಲು ಮುಚ್ಚಿದ ಸದ್ದು. ಗೋಡೆಯ ಗಡಿಯಾರದಲ್ಲಿ ಎರಡೂಮುಕ್ಕಾಲು.

ನಾಲ್ಕು ಗಂಟೆಗೆ ಐದು ದೇಶಗಳಲ್ಲಿ ಒಂದೇ ನಿಮಿಷಕ್ಕೆ ಪುಸ್ತಕಗಳ್ಳರ ಮೇಲೆ ದಾಳಿ.

ಐದೂ ದೇಶಗಳ ಪೊಲೀಸರ ಜಂಟಿ ತಂಡದ ಕನ್ನಡಕದ ಮೇಡಂ ಎರಡು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಅದನ್ನು ಬಿಡಿಸಿ ಹೇಳಿದ್ದರು. "ನೋಡಮ್ಮ, ಒಂದು ಬಿಲ ಮುಚ್ಚಿದ್ರೆ ಇಲಿ ಇನ್ನೊಂದರಿಂದ ಇಣುಕುತ್ತೆ. ಒಂದು ದೇಶದಲ್ಲಿ ಯಂತ್ರ, ಇನ್ನೊಂದರಲ್ಲಿ ಹೆಸರು, ಮತ್ತೊಂದರಲ್ಲಿ ದುಡ್ಡು. ಒಂದು ಕಡೆ ನ್ಯಾಯಾಧೀಶರ ಮೊಹರು ಬೇಕು, ಇನ್ನೊಂದು ಕಡೆ ಅದು ಅಪರಾಧವೇ ಅಲ್ಲ. ಐದೂ ಬಿಲ ಒಟ್ಟಿಗೆ ಮುಚ್ಚೋಕೆ ನಮಗೆ ಎರಡು ವರ್ಷ ಹಿಡೀತು. ಈಗ ಒಂದೇ ಬಾಕಿ. ಹೊಸ ಪುಸ್ತಕ ಯಾರ ಮನೆಯಿಂದ ಸೋರುತ್ತೆ ಅಂತ ಗೊತ್ತಾಗಬೇಕು."

ಅದಕ್ಕೆ ಉಪಾಯ ಹೇಳಿದವಳು ಕಿವಿಯಮ್ಮ. ಓದುವವರ ಉಸಿರನ್ನು ಕತ್ತರಿಸುವುದೇ ಅವಳ ಇಪ್ಪತ್ತೆರಡು ವರ್ಷದ ಕೆಲಸ. ಐದು ದೇಶದ ವಿತರಕರಿಗೆ ಹೋಗುವ ಐದು ಪ್ರತಿಗಳಲ್ಲಿ ಜೇನುಗಂಟಲಿನ ಒಂದೊಂದು ಉಸಿರನ್ನು ಬೇರೆ ಬೇರೆ ಕಡೆ ಕತ್ತರಿಸದೆ ಬಿಟ್ಟಳು. ಕೇಳುವವರಿಗೆ ಅದು ಉಸಿರು, ಅವಳಿಗೆ ಹಚ್ಚೆ. ಕಳ್ಳಪ್ರತಿ ಕೈಗೆ ಸಿಕ್ಕರೆ ಯಾವ ಉಸಿರು ಉಳಿದಿದೆ ನೋಡಿದರೆ ಸಾಕು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವವರೆಗೆ ಕಾಯಬೇಕಿಲ್ಲ.

ಹತ್ತು ದಿನದ ಹಿಂದೆ ಕಳ್ಳಪ್ರತಿ ಹೊರಬಿತ್ತು. ಮೇಡಂ ಫೋನ್ ಮಾಡಿದರು. ನಮ್ಮ ಪ್ರಯೋಗಾಲಯ ಕೇಳಿದೆ, ಬಂದರಿನ ಊರಿನ ವಿತರಕಿಗೆ ಹೋದ ಪ್ರತಿಯ ಉಸಿರು ಸಿಕ್ಕಿದೆ, ನೀವು ಮಾತ್ರ ಅದನ್ನು ಕೇಳಲೇಬೇಡಿ, ಸಾಕ್ಷಿ ಕೆಡುತ್ತದೆ ಎಂದಿದ್ದರು. ಅವತ್ತಿನಿಂದ ಸುರಕ್ಷತೆಗೆಂದು ಪರದೆಯ ಮೇಲೆ ಮುಖ ತೋರಿಸುವುದನ್ನೂ ನಿಲ್ಲಿಸಿದ್ದರು. ಬರೀ ದನಿ.

ಆ ವಿತರಕಿ ಹೇಗೋ ಸುಳಿವು ಹತ್ತಿ ನಿನ್ನೆ ಅತ್ತುಕೊಂಡು ಫೋನ್ ಮಾಡಿದ್ದಳು. "ಅಕ್ಕಾ, ನಾನು ಆ ಕಡತ ತೆರೆದೇ ಇಲ್ಲ. ಅಂಗಡಿ ಮುಚ್ಚಿಸಿ ನನ್ನ ಒಳಗೆ ಹಾಕಿದ್ರೆ ಇಬ್ಬರು ಮಕ್ಕಳನ್ನ ಯಾರು ನೋಡ್ತಾರೆ?" ಕಿವಿಯಮ್ಮ ಮನಸ್ಸು ಕಲ್ಲು ಮಾಡಿಕೊಂಡು ಫೋನ್ ಇಟ್ಟಿದ್ದಳು. ಅವಳ ವಿರುದ್ಧದ ಹೇಳಿಕೆ ಟೈಪಾಗಿ ಮೇಜಿನ ಮೇಲಿತ್ತು. ಸಹಿಯೊಂದು ಬಾಕಿ.

ಈಗ ಆ ಕಾಗದ ಅವಳನ್ನೇ ನೋಡುತ್ತಿತ್ತು.

ಕಳ್ಳಪ್ರತಿಯಲ್ಲಿ ಜೇನುಗಂಟಲಿನ ದನಿಯೇ ಇಲ್ಲ. ದನಿಯೇ ಇಲ್ಲದ ಮೇಲೆ ಅವನ ಉಸಿರು ಎಲ್ಲಿಂದ ಬರಬೇಕು? ಪ್ರಯೋಗಾಲಯ ಕೇಳಿದ್ದಾದರೂ ಏನನ್ನು?

ಅವಳು ಮನಸ್ಸು ಗಟ್ಟಿ ಮಾಡಿ ಮತ್ತೆ ಹೆಡ್‌ಫೋನ್ ಹಾಕಿದಳು.

ನಾಲ್ಕನೇ ಅಧ್ಯಾಯದಲ್ಲಿ ಮೂರು ಕಡೆ ಚಿಟಿಕೆ ಸಿಕ್ಕಿತು. ಓದುವಾಗ ತಪ್ಪಿದರೆ ಅಕ್ಕ ಎರಡು ಚಿಟಿಕೆ ಹೊಡೆಯುತ್ತಿದ್ದಳು. ಪರದೆಯ ಮೇಲೆ ಆ ಸದ್ದು ಎರಡು ಮುಳ್ಳಿನ ಹಾಗೆ ಎದ್ದು ಕಾಣುತ್ತದೆ, ತಂಗಿಗೆ ಕತ್ತರಿಸುವ ಜಾಗ ಹುಡುಕುವುದು ಸುಲಭ. "ತಂಗೀ, ಮತ್ತೆ" ಎಂದು ಹೇಳಿ ಆ ವಾಕ್ಯ ಮೊದಲಿನಿಂದ ಓದುತ್ತಿದ್ದಳು. ಗಾಜಿನ ಈಚೆಯಿಂದ ಕಿವಿಯಮ್ಮ ಗುಂಡಿ ಒತ್ತಿ "ಆಯ್ತಕ್ಕ, ಓದು" ಎನ್ನುತ್ತಿದ್ದಳು. ಇಬ್ಬರ ಹರಟೆ, ನಗು, ಒಬ್ಬರನ್ನೊಬ್ಬರು ಬೈದುಕೊಂಡದ್ದು, ಎಲ್ಲವೂ ಧ್ವನಿಮುದ್ರಣವಾಗುತ್ತಿತ್ತು. ಸಂಜೆಗೆ ಕಿವಿಯಮ್ಮ ಮಾರುವ ಪ್ರತಿಯಿಂದ ಅದನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದಳು. ಮಾರಾಟವಾದ ಯಾವ ಪುಸ್ತಕದಲ್ಲೂ ಒಂದು ಚಿಟಿಕೆ ಇಲ್ಲ, ಒಂದು ಸಿಳ್ಳೆಯ ಉಸಿರಿಲ್ಲ.

ಯಂತ್ರಗಳು ಮನುಷ್ಯರ ದನಿ ಕಲಿಯುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಕಲಿಸಿದ್ದನ್ನು ಮಾತ್ರ ಕಲಿಯುತ್ತವೆ. ಅಂಗಡಿಯ ಪುಸ್ತಕ ಕೇಳಿ ಕಲಿತಿದ್ದರೆ ಈ ಯಂತ್ರ ತಪ್ಪಿಲ್ಲದೆ ಓದುತ್ತಿತ್ತು. ಇದು ತಪ್ಪುವುದನ್ನೂ ಕಲಿತಿದೆ, ತಪ್ಪಿದ ಮೇಲೆ ಚಿಟಿಕೆ ಹೊಡೆಯುವುದನ್ನೂ ಕಲಿತಿದೆ. ಅಂದರೆ ಇದು ಕತ್ತರಿಸದ ಅಸಲನ್ನು ಕುಡಿದು ಬೆಳೆದ ಯಂತ್ರ.

ಅಸಲು ಇರುವುದು ಪ್ರಪಂಚದಲ್ಲಿ ಒಂದೇ ಕಡೆ. ಎರಡನೇ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಹನ್ನೊಂದು ವರ್ಷದ ಡಿಸ್ಕುಗಳು. ಬೀಗದ ಕೈ ಎರಡು. ಒಂದು ಅವಳ ಹತ್ತಿರ.

ಇನ್ನೊಂದು ಅಕ್ಕನ ಗಂಡನ, ಭಾವನ ಹತ್ತಿರ.

ಎರಡನೇ ಕೋಣೆ ಸದ್ದು ನುಂಗುವ ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು. ಒಳಗೆ ಸುಮ್ಮನೆ ನಿಂತರೆ ನಿಮ್ಮ ಕಿವಿಯಲ್ಲಿ ನಿಮ್ಮದೇ ರಕ್ತ ಹರಿಯುವುದು ಕೇಳುತ್ತದೆ. ಹೊಸಬರು ಐದು ನಿಮಿಷಕ್ಕೆ ಮೈ ಪರಚಿಕೊಂಡು ಹೊರಗೆ ಬರುತ್ತಾರೆ. ಅಕ್ಕ ಹೋದ ಮೇಲೆ ಭಾವ ದಿನಾ ಮಧ್ಯಾಹ್ನ ಅಲ್ಲೇ ಒಂದು ಗಂಟೆ ಇರುತ್ತಿದ್ದ. ನಿದ್ದೆ ಮಾಡುತ್ತಾನೆ, ಪಾಪ, ಮನೆಯಲ್ಲಿ ನಿದ್ದೆ ಬರುವುದಿಲ್ಲವೇನೋ ಎಂದು ಅವಳು ಸುಮ್ಮನಿದ್ದಳು.

ಇವತ್ತು ಗಾಜಿನಲ್ಲಿ ಇಣುಕಿದಳು.

ಭಾವ ನಿದ್ದೆ ಮಾಡುತ್ತಿರಲಿಲ್ಲ. ಅಕ್ಕನ ಹಳೆಯ ಕುರ್ಚಿಯ ಎದುರು ಮೊಣಕಾಲಿಗೆ ಕೈಯೂರಿ ಕೂತಿದ್ದ. ಕುರ್ಚಿಯ ಮೇಲೆ ಒಂದು ಟ್ಯಾಬ್ಲೆಟ್. ಭಾವನ ತುಟಿ ಅಲುಗಿತು, ನಿಂತಿತು. ತಲೆ ಆಡಿಸಿದ. ನಕ್ಕ.

ಅವನ ನಗು ನೋಡಿ ಎರಡು ವರ್ಷವಾಗಿತ್ತು.

ಒಳಗಿನ ಮೈಕು ಆನ್ ಮಾಡುವ ಗುಂಡಿ ಒತ್ತಿದಳು.

"...ಊಟ ಸರಿಯಾಗಿ ಮಾಡ್ತಿಲ್ಲ ನೀವು," ಎನ್ನುತ್ತಿತ್ತು ಅಕ್ಕನ ದನಿ. "ದನಿಯಲ್ಲೇ ಗೊತ್ತಾಗುತ್ತೆ ರೀ."

"ಮಾಡ್ತೀನಿ ಮಾರಾಯ್ತಿ."

"ತಂಗಿ ಹೇಗಿದಾಳೆ? ಇನ್ನೂ ನನ್ನ ಉಸಿರು ಕತ್ತರಿಸ್ತಾ ಇದಾಳಾ?"

ಕಿವಿಯಮ್ಮ ಬಾಗಿಲು ತಳ್ಳಿದಳು.

ಭಾವ ಥಟ್ಟನೆ ಟ್ಯಾಬ್ಲೆಟ್ಟಿನ ಮೇಲೆ ಟವೆಲ್ ಎಳೆದ. ಬೆತ್ತಲಾದವರನ್ನು ಮುಚ್ಚುವ ಹಾಗೆ.

"ಎಷ್ಟು ದಿನದಿಂದ, ಭಾವ?"

ಅವನು ಟವೆಲಿನ ಅಂಚು ಸರಿಪಡಿಸಿದ. ಆ ಕೋಣೆಯಲ್ಲಿ ಮೌನವೂ ಒಂದು ವಸ್ತುವಿನ ಹಾಗೆ ಇರುತ್ತದೆ, ಕೈಯಿಂದ ಸರಿಸಬೇಕು.

"ಎಷ್ಟು ದಿನದಿಂದ?"

"ಹದಿನಾಲ್ಕು ತಿಂಗಳು." ಭಾವ ನೆಲ ನೋಡುತ್ತಿದ್ದ. "ಒಂದು ಕಾಗದ ಬಂತು. ಯಾವುದೋ ದೇಶದ ಸಂಸ್ಥೆ. ಕಳಕೊಂಡವರ ದನಿ ಮನೆಯವರಿಗೆ ವಾಪಸ್ ಕೊಡ್ತೀವಿ, ಕತ್ತರಿಸದ ಧ್ವನಿಮುದ್ರಣ ಇದ್ರೆ ಕಳಿಸಿ ಅಂತ. ಕಳಿಸಿದೆ. ಎಲ್ಲದರ ನಕಲೂ."

"ನನ್ನ ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ." ಅವನು ತಲೆ ಎತ್ತಿದ. "ನಿನಗೇನು? ನೀನು ಕಣ್ಣು ಮುಚ್ಚಿದ್ರೆ ಅವಳು ಕೇಳ್ತಾಳೆ. ನಿನ್ನ ಕಿವಿ ಅಂಥದು. ನನಗೆ ಎಂಟು ತಿಂಗಳಿಗೆಲ್ಲ ಅವಳ ದನಿ ಮರೆತುಹೋಯ್ತು ಕಣಮ್ಮ. ಮುಖ ನೆನಪಿದೆ. ದನಿ ಇಲ್ಲ. ಹೆಂಡತಿ ದನಿ ಮರೆತ ಗಂಡಸು ಇದ್ದೂ ಸತ್ತ ಹಾಗೆ."

ಅವಳ ಸಿಟ್ಟಿನ ಕಾಲು ಮುರಿಯಿತು. ಆದರೆ ಗಡಿಯಾರ ಕಾಯುವುದಿಲ್ಲ.

"ಹೊಸ ಕಾದಂಬರಿ? ಅದು ಹೇಗೆ ಅವರ ಕೈಗೆ ಹೋಯ್ತು?"

"ಯಾರ ಕೈಗೆ?" ಭಾವನ ಮುಖದಲ್ಲಿ ನಿಜವಾದ ಗೊಂದಲವಿತ್ತು. "ನಾನು ಅವಳಿಗೆ ಓದೋಕೆ ಕೊಟ್ಟೆ, ಅಷ್ಟೆ. ಆ ಲೇಖಕ ಅಂದ್ರೆ ಅವಳಿಗೆ ಪ್ರಾಣ. ಸಾಯೋ ಹಿಂದಿನ ದಿನವೂ ಅವರ ಮುಂದಿನ ಪುಸ್ತಕ ಯಾವಾಗ ಬರುತ್ತೆ ಅಂತ ಕೇಳಿದ್ಲು. ಹಸ್ತಪ್ರತಿ ನಮ್ಮ ಹತ್ರ ಬಂದಾಗ, ದಿನಕ್ಕೆ ಹತ್ತು ಪುಟ ಅದರೊಳಗೆ ಹಾಕಿದೆ. ಅವಳು ಓದಿದ್ಲು. ನಾನೊಬ್ಬನೇ ಕೇಳಿದೆ."

"ನೀವೊಬ್ಬರೇ ಅಲ್ಲ ಭಾವ." ಅವಳು ಟವೆಲಿನ ಕಡೆ ಬೆರಳು ತೋರಿದಳು. "ಈ ಟ್ಯಾಬ್ಲೆಟ್ಟಿನೊಳಗೆ ಅಕ್ಕ ಇಲ್ಲ. ಅವಳನ್ನ ಇಟ್ಟುಕೊಂಡ ಯಂತ್ರ ಅವರ ಊರಲ್ಲಿದೆ. ನೀವು ಇದರ ಬಾಯಿಗೆ ಹಾಕಿದ್ದೆಲ್ಲ ಅವರ ಹೊಟ್ಟೆಗೆ ಹೋಗಿದೆ. ಐದು ದೇಶ ಹುಡುಕ್ತಿರೋ ಕಳ್ಳರಿಗೆ ಪುಸ್ತಕವನ್ನೂ ನೀವೇ ಕೊಟ್ರಿ, ಓದೋಳನ್ನೂ ನೀವೇ ಕೊಟ್ರಿ."

ಭಾವ ಟವೆಲಿನ ಮೇಲೆ ಕೈ ಇಟ್ಟುಕೊಂಡೇ ಇದ್ದ. ಹಾಗೇ ಕೇಳಿದ:

"ಪುಸ್ತಕಕ್ಕೆ ಹಕ್ಕುದಾರರಿದಾರೆ, ಒಪ್ಪಿದೆ. ಅವಳ ಉಸಿರಿಗೆ ಯಾರು? ಆ ಮೇಡಂ ಹತ್ರ ಅದಕ್ಕೊಂದು ಕಾನೂನು ಇದೆಯಾ?"

ಅವಳು ಬೀರುವಿನ ಬೀಗಕ್ಕೆ ಕೈ ಹಾಕಿದಳು.

"ಗೊತ್ತಾದ್ರೆ ಇದನ್ನ ಅಳಿಸಿಬಿಡ್ತಾರೆ, ಅಲ್ವಾ?" ಎಂದ ಭಾವ.

"ಬಂದರಿನ ಆ ಹೆಂಗಸಿಗೆ ಇಬ್ಬರು ಮಕ್ಕಳಿದಾರೆ ಭಾವ. ಏನೂ ಮಾಡಿಲ್ಲ ಅವಳು. ನಾಲ್ಕಕ್ಕೆ ಅವಳ ಬಾಗಿಲು ಒಡೀತಾರೆ."

ಭಾವ ಕಣ್ಣು ಮುಚ್ಚಿದ. ಟವೆಲಿನ ಅಡಿಯಿಂದ ಅಕ್ಕ ಮೆಲ್ಲಗೆ ಕೇಳಿದಳು: "ಯಾಕೆ ಸುಮ್ಮನಾದ್ರಿ?"

"ಹೇಳಿಬಿಡು," ಎಂದ ಭಾವ. ಯಾರಿಗೆ ಹೇಳಿದನೆಂದು ಒಂದು ಕ್ಷಣ ಇಬ್ಬರಿಗೂ ತಿಳಿಯಲಿಲ್ಲ. "ಫೋನ್ ಮಾಡಿ ಹೇಳಿಬಿಡು. ನನ್ನ ಹೆಸರೇ ಹೇಳು."

ಅವಳು ಅಸಲು ಡಿಸ್ಕುಗಳ ಪೆಟ್ಟಿಗೆಯನ್ನು ಬೀರುವಿನಿಂದ ಎತ್ತಿ ತನ್ನ ಕೋಣೆಗೆ ತಂದು ಮೇಜಿನ ಮೇಲಿಟ್ಟಳು. ಭಾವ ಹಿಂದೆಯೇ ಬಂದ. ಕಳ್ಳಯಂತ್ರ ಎಲ್ಲಿ ಹುಟ್ಟಿತು ಎಂದು ಸಾಬೀತು ಮಾಡಲು ಇದ್ದ ಸಾಕ್ಷಿ ಅದೊಂದೇ. ಅಕ್ಕ ನಿಜವಾಗಿ ಉಸಿರಾಡಿದ್ದು ಉಳಿದದ್ದೂ ಅದರಲ್ಲಿ ಮಾತ್ರ.

ಫೋನ್ ಅವಳು ಎತ್ತುವ ಮೊದಲೇ ಬಡಿದುಕೊಂಡಿತು. ಮೂರೂವರೆ.

"ಹೇಳಿಕೆಗೆ ಸಹಿ ಆಯ್ತೇನಮ್ಮ?" ಕನ್ನಡಕದ ಮೇಡಂ ದನಿ.

"ಮೇಡಂ, ದಾಳಿ ನಿಲ್ಲಿಸಿ. ಬಂದರಿನವಳ ತಪ್ಪಿಲ್ಲ. ಸೋರಿದ್ದು ಇಲ್ಲಿಂದ." ಒಂದೇ ಉಸಿರಿಗೆ ಎಲ್ಲ ಹೇಳಿದಳು. ಭಾವ, ಕಾಗದ, ಯಂತ್ರ, ಚಿಟಿಕೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು.

ಆಮೇಲೆ ಮೇಡಂ ಉಸಿರೆಳೆದುಕೊಂಡು ಹೇಳಿದರು: "ನೀವು ಕಳ್ಳಪ್ರತಿ ಕೇಳಬಾರದಿತ್ತು. ಇರಲಿ. ಅಸಲು ಡಿಸ್ಕು ಎಲ್ಲಾ ಒಂದು ಪೆಟ್ಟಿಗೇಲಿ ಹಾಕಿಡಿ. ನಮ್ಮವನು ಈಗ ಬರ್ತಾನೆ, ಅವನ ಕೈಗೆ ಕೊಡಿ."

ಕಿವಿಯಮ್ಮನ ಕಣ್ಣೀರು ಅಲ್ಲೇ ನಿಂತಿತು.

"ಮೇಡಂ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

ಉಸಿರು. "ಅಸಲು ಡಿಸ್ಕು ಎಲ್ಲಾ ಒಂದು ಪೆಟ್ಟಿಗೇಲಿ..."

ಅದೇ ಉಸಿರು. ಅದೇ ಉದ್ದ, ಕೊನೆಯಲ್ಲಿ ಕೂದಲೆಳೆಯಷ್ಟು ಅದೇ ಸಿಳ್ಳೆ. ಮನುಷ್ಯರು ಒಂದೇ ಉಸಿರನ್ನು ಎರಡು ಸಲ ಎಳೆಯುವುದಿಲ್ಲ. ಯಂತ್ರ ಎಳೆಯುತ್ತದೆ. ಆ ಉಸಿರು ಯಾವ ಪುಸ್ತಕದ್ದೆಂದೂ ಅವಳಿಗೆ ಗೊತ್ತು; ಏಳು ವರ್ಷದ ಹಿಂದೆ ತನ್ನ ಕೈಯಾರೆ ಕತ್ತರಿಸಿದ್ದಳು. ದನಿಯ ಮೇಲೆ ಕನ್ನಡಕದ ಮೇಡಂ ಮುಖವಾಡ. ಮುಖವಾಡದ ಹಿಂದೆ ಉಸಿರಾಡುತ್ತಿದ್ದವಳು ಅಕ್ಕ.

ಹತ್ತು ದಿನದಿಂದ ತಾನು ವರದಿ ಒಪ್ಪಿಸುತ್ತಿದ್ದದ್ದು ಕಳ್ಳರಿಗೇ.

"ಆಗ್ಲಿ ಮೇಡಂ," ಎಂದು ದನಿ ಅಲುಗದ ಹಾಗೆ ಹೇಳಿ ಫೋನ್ ಇಟ್ಟಳು. ಮೇಜಿನ ಖಾನೆಯನ್ನೆಲ್ಲ ಸುರುವಿ, ಎರಡು ತಿಂಗಳ ಹಿಂದೆ ಮೇಡಂ ಎದುರಿಗೆ ಕೂತು ಪೆನ್ನಿನಲ್ಲಿ ಬರೆದುಕೊಟ್ಟ ಚೀಟಿ ಹುಡುಕಿದಳು. ಎಲ್ಲ ಕೆಟ್ಟರೆ ಈ ನಂಬರಿಗೆ ಮಾಡು ಎಂದಿದ್ದರು. ಎರಡು ಸಲ ತಪ್ಪಿ, ಮೂರನೇ ಸಲ ತಾಗಿತು.

"ಹೇಳಿ." ಸುತ್ತ ಗಾಡಿಗಳ ಸದ್ದು. ಒರಟು, ದಣಿದ, ಪ್ರತಿ ಸಲ ಬೇರೆಯಾಗಿ ಎಳೆಯುವ ಉಸಿರು. ಇವರು ಮನುಷ್ಯರು. ಇವರೇ ಮೇಡಂ.

"ಮೇಡಂ, ನಾನು ಕಿವಿಯಮ್ಮ! ದಾಳಿ ನಿಲ್ಲಿಸಿ..."

ಆ ಕಡೆ ಗಾಡಿಯ ಬಾಗಿಲು ಮುಚ್ಚಿದ ಸದ್ದು.

"ಹತ್ತು ದಿನದಿಂದ ಕಿವಿಯಮ್ಮನ ಜೊತೆ ನಾನು ದಿನಾ ಮಾತಾಡ್ತಿದೀನಿ," ಎಂದರು ಮೇಡಂ, ಒಂದೊಂದೇ ಮಾತು ಇಟ್ಟು. "ಬಂದರಿನ ಪ್ರತಿ ಅಂತ ಖಾತ್ರಿ ಮಾಡಿದ್ದು ಅವರೇ. ಐದು ನಿಮಿಷದ ಹಿಂದೆ ಇನ್ನೂ ಒಂದು ಮಾತು ಹೇಳಿದ್ರು. ನಾಲ್ಕು ಗಂಟೆ ಒಳಗೆ ಇನ್ನೊಬ್ಬಳು ನನ್ನ ದನೀಲೇ ಫೋನ್ ಮಾಡಿ, ಅಳ್ತಾ, ದಾಳಿ ನಿಲ್ಲಿಸಿ ಅಂತಾಳೆ. ನಂಬಬೇಡಿ ಅಂತ."

ಕಿವಿಯಮ್ಮ ಮೇಜಿನ ಮೇಲಿನ ಪೆಟ್ಟಿಗೆ ನೋಡಿದಳು. ಆಯ್ತಕ್ಕ, ಓದು. ಹನ್ನೊಂದು ವರ್ಷ. ಅಸಲು ಡಿಸ್ಕಿನಲ್ಲಿ ಇದ್ದದ್ದು ಅಕ್ಕನ ದನಿಯೊಂದೇ ಅಲ್ಲ, ಅವಳದೂ.

"ಮೇಡಂ, ನಾನೇ ನಾನು..."

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ಹೋಗಲಿಲ್ಲ.

ಕೆಳಗೆ ಬೀದಿಬಾಗಿಲ ಗಂಟೆ ಬಡಿಯಿತು.

"ತೆಗೀಬೇಡಿ ಭಾವ!"

ಭಾವ ತೆಗೆಯಲು ಹೊರಟಿರಲಿಲ್ಲ. ಪೆಟ್ಟಿಗೆಯ ಪಕ್ಕ ನಿಂತಿದ್ದ. ಆಗ ಗೋಡೆಯ ಮೇಲಿನ, ಬೀದಿಬಾಗಿಲ ಮಾತು ಕೇಳಿಸುವ ಸಣ್ಣ ಸ್ಪೀಕರು ಕರಕರ ಎಂದಿತು.

"ರೀ," ಎಂದಿತು. "ನಾನು. ಎಷ್ಟು ಹೊತ್ತು ನಿಲ್ಲಿಸ್ತೀರಿ? ಪೆಟ್ಟಿಗೆ ತಗೊಂಡು ಬನ್ನಿ."

"ಭಾವ, ಅದು ಅಕ್ಕ ಅಲ್ಲ. ನಿಮಗೇ ಗೊತ್ತು. ಅವಳ ಕಣ್ಣು ಮುಚ್ಚಿದ್ದು ನೀವೇ."

"ಗೊತ್ತು ಕಣಮ್ಮ," ಎಂದ ಭಾವ. ಕೆನ್ನೆ ಒದ್ದೆಯಾಗಿತ್ತು. ಗೊತ್ತು ಎನ್ನುತ್ತಲೇ ಪೆಟ್ಟಿಗೆ ಎತ್ತಿಕೊಂಡ. ಗೊತ್ತು ಎನ್ನುತ್ತಲೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹೊರಗಿನಿಂದ ಚಿಲಕ ಬಿತ್ತು.

ಅವಳು ಬಾಗಿಲು ಬಡಿದಳು. ಕೂಗಿದಳು. ಸದ್ದು ಹೊರಗೆ ಹೋಗದ ಹಾಗೆ ಕಟ್ಟಿದ ಬಾಗಿಲು ಅದು, ಅವಳೇ ನಿಂತು ಕಟ್ಟಿಸಿದ್ದು. ಕಿವಿ ಹಚ್ಚಿದರೆ ಮರದ ಮೂಲಕ ಮೆಟ್ಟಿಲು ಮಾತ್ರ ಕೇಳುತ್ತಿತ್ತು. ಒಂದು. ಎರಡು. ಮೂರು.

ಮೆಟ್ಟಿಲ ಮೇಲೊಂದು ಹಳೆಯ ಸ್ಪೀಕರ್ ಇತ್ತು, ಓದುವವರನ್ನು ಮೇಲಕ್ಕೆ ಕರೆಯಲು ಹಾಕಿಸಿದ್ದು. ಓಡಿ ಹೋಗಿ ಅದರ ಗುಂಡಿ ಒತ್ತಿದಳು. ಏನು ಹೇಳುವುದು? ಅವಳ ಯಾವ ಮಾತನ್ನು ಕಳ್ಳರು ಆಗಲೇ ಆಡಿರಲಿಲ್ಲ?

ಮೈಕಿಗೆ ಬೆರಳು ಹಿಡಿದು ಎರಡು ಚಿಟಿಕೆ ಹೊಡೆದಳು. ಟಕ್, ಟಕ್. ತಪ್ಪಾಯಿತು, ನಿಲ್ಲಿಸು, ಮೊದಲಿನಿಂದ. ಈ ಮನೆಯಲ್ಲಿ ಅದಕ್ಕೆ ಅಷ್ಟೇ ಅರ್ಥ.

ಓಡಿ ಬಂದು ಮತ್ತೆ ಬಾಗಿಲಿಗೆ ಕಿವಿ ಹಚ್ಚಿದಳು. ಒಂಬತ್ತನೇ ಮೆಟ್ಟಿಲಲ್ಲಿ ಹೆಜ್ಜೆ ನಿಂತಿತ್ತು.

ನಿಂತೇ ಇತ್ತು.

ಗೋಡೆಯ ಸ್ಪೀಕರಿನಿಂದ, ಬೀದಿಬಾಗಿಲ ಆಚೆಯಿಂದ, ಉತ್ತರ ಬಂತು. ಟಕ್, ಟಕ್.

ಹತ್ತನೇ ಮೆಟ್ಟಿಲು ಕಿರುಗುಟ್ಟಿತು.